ರೊಕ್ಯುರೋನಿಯಂ ಇಂಜೆಕ್ಷನ್: ಹಿಡಿತ ಚೆನ್ನ, ಬಿಡುವುದನ್ನು ಅಳೆದೇ ನೋಡಬೇಕು

ಸ್ನಾಯು ಸಡಿಲಿಸುವ ಇಂಜೆಕ್ಷನ್‌ಗಳಲ್ಲಿ ಒಂದನ್ನು ಮಾತ್ರ ಅರಿವಳಿಕೆಯ ಟ್ರೇಯಲ್ಲಿ ಇಟ್ಟುಕೊಳ್ಳಿ ಎಂದರೆ ಇವತ್ತು ಹೆಚ್ಚಿನ ತಜ್ಞರ ಕೈ ರೊಕ್ಯುರೋನಿಯಂ ಕಡೆಗೇ ಹೋಗುತ್ತದೆ. ಆ ಆಯ್ಕೆ ಸರಿಯಾಗಿಯೇ ಇದೆ. ಬೇಗ ಹಿಡಿಯುತ್ತದೆ, ರಕ್ತದೊತ್ತಡವನ್ನು ಅಷ್ಟಾಗಿ ಕೆಡಿಸುವುದಿಲ್ಲ, ಕರಗಿಸಿಕೊಳ್ಳುವ ಕೆಲಸವಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದು ಹೇಗೆ ಬಿಡುತ್ತದೆ ಎಂದು ನೋಡುವವರು ಕಡಿಮೆ. ರೋಗಿಗೆ ತೊಂದರೆಯಾಗುವುದು ಹೆಚ್ಚಾಗಿ ಅಲ್ಲೇ. ಅದಕ್ಕೇ ಈ ವಿಮರ್ಶೆಯಲ್ಲಿ ವಯಲ್‌ನ ಜೊತೆಗೆ ನರ ಪ್ರಚೋದಿಸುವ ಮಾನಿಟರ್ ಮತ್ತು ಸಡಿಲಿಕೆಯನ್ನು ಬಿಡಿಸುವ (ರಿವರ್ಸಲ್) ಔಷಧಗಳನ್ನೂ ಸೇರಿಸಿಯೇ ನೋಡಲಾಗಿದೆ. ಈ ಮೂರನ್ನು ಬಿಡಿಬಿಡಿಯಾಗಿ ಅಳೆಯುವುದರಲ್ಲಿ ಅರ್ಥವಿಲ್ಲ.

ಮೊದಲು ವಯಲ್. ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. 5 ಮಿ.ಲೀ. ವಯಲ್‌ನಲ್ಲಿ 50 ಮಿ.ಗ್ರಾಂ, 10 ಮಿ.ಲೀ. ವಯಲ್‌ನಲ್ಲಿ 100 ಮಿ.ಗ್ರಾಂ. ಲೆಕ್ಕ ಸುಲಭ, ಅವಸರದಲ್ಲಿ ಅದೇ ದೊಡ್ಡ ಅನುಕೂಲ. ಇಡಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಪ್ಪುಗಟ್ಟಲು ಬಿಡಬಾರದು. ಫ್ರಿಜ್‌ನಿಂದ ಹೊರಗೆ ತೆಗೆದ ಮೇಲೆ ಎಷ್ಟು ದಿನ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ: 60 ದಿನ ಎನ್ನುವ ಲೇಬಲ್‌ಗಳಿವೆ, 12 ವಾರ ಎನ್ನುವವೂ ಇವೆ. ಆದ್ದರಿಂದ ಹೊರಗೆ ತೆಗೆದ ದಿನಾಂಕವನ್ನು ವಯಲ್ ಮೇಲೆಯೇ ಬರೆಯಬೇಕು. ಹೊರಗಿಟ್ಟದ್ದನ್ನು ಮತ್ತೆ ಫ್ರಿಜ್‌ಗೆ ಸೇರಿಸಿದರೆ ದಿನದ ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ.

ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಲು ಸಾಮಾನ್ಯ ಡೋಸ್ ಕೆ.ಜಿ.ಗೆ 0.6 ಮಿ.ಗ್ರಾಂ. 60 ಕೆ.ಜಿ. ತೂಕದವರಿಗೆ 36 ಮಿ.ಗ್ರಾಂ, ಅಂದರೆ 3.6 ಮಿ.ಲೀ. ಒಂದರಿಂದ ಎರಡು ನಿಮಿಷದಲ್ಲಿ ದವಡೆ, ಧ್ವನಿತಂತುಗಳು ಸಡಿಲವಾಗುತ್ತವೆ. ಹೊಟ್ಟೆ ತುಂಬಿರುವವರಿಗೆ, ಕರುಳು ಕಟ್ಟಿಕೊಂಡವರಿಗೆ, ಒಟ್ಟಿನಲ್ಲಿ ಬೇಗ ಟ್ಯೂಬ್ ಹಾಕಲೇಬೇಕಾದ ಕಡೆ ಕೆ.ಜಿ.ಗೆ 1.2 ಮಿ.ಗ್ರಾಂ ಕೊಟ್ಟರೆ ಒಂದು ನಿಮಿಷದ ಆಸುಪಾಸಿನಲ್ಲಿ ಕೆಲಸವಾಗುತ್ತದೆ. ಅದೇ 60 ಕೆ.ಜಿ.ಗೆ ಅದು 7.2 ಮಿ.ಲೀ., ಅಂದರೆ 5 ಮಿ.ಲೀ. ವಯಲ್ ಒಂದು ಸಾಲದು. ಎರಡನೆಯ ವಯಲ್ ಫ್ರಿಜ್‌ನಲ್ಲಿ ಉಳಿದಿದ್ದರೆ ಡೋಸ್ ಅಲ್ಲೇ ಕಡಿಮೆಯಾಗುತ್ತದೆ. ಅರ್ಧ ಸಡಿಲವಾದ ಗಂಟಲಿನಲ್ಲಿ ಲ್ಯಾರಿಂಗೋಸ್ಕೋಪ್ ಇಟ್ಟರೆ ಕೆಮ್ಮು, ವಾಂತಿ, ಕೊನೆಗೆ ಶ್ವಾಸಕೋಶಕ್ಕೆ ಹೊಟ್ಟೆಯ ದ್ರವ. ತುಂಬ ದಪ್ಪಗಿರುವವರಿಗೆ ಎತ್ತರಕ್ಕೆ ತಕ್ಕ ಆದರ್ಶ ತೂಕದ ಮೇಲೆ ಲೆಕ್ಕ ಹಾಕುವುದೇ ವಾಡಿಕೆ. ನಿಜವಾದ ತೂಕದ ಮೇಲೆ ಕೊಟ್ಟರೆ ಪರಿಣಾಮ ಬಹಳ ಹೊತ್ತು ಎಳೆಯುತ್ತದೆ.

ವೇಗಕ್ಕೆ ಕಾರಣ ಸ್ವಾರಸ್ಯಕರ. ಇದು ಶಕ್ತಿಯಲ್ಲಿ ಕಡಿಮೆ ಇರುವ ಔಷಧ. ಶೇ. 95ರಷ್ಟು ಸಡಿಲಿಕೆಗೆ ವೆಕ್ಯುರೋನಿಯಂ ಎಂಬ ಇನ್ನೊಂದು ಸಡಿಲಕ ಕೆ.ಜಿ.ಗೆ ಸುಮಾರು 0.05 ಮಿ.ಗ್ರಾಂ ಸಾಕು, ರೊಕ್ಯುರೋನಿಯಂ 0.3 ಮಿ.ಗ್ರಾಂ ಬೇಕು. ಶಕ್ತಿ ಕಡಿಮೆಯಾದ್ದರಿಂದ ಅಣುಗಳು ಹೆಚ್ಚು ಬೇಕಾಗುತ್ತವೆ. ಹೆಚ್ಚು ಅಣುಗಳು ಒಟ್ಟಿಗೆ ಹೋದಾಗ ನರ-ಸ್ನಾಯು ಸಂಧಿಯ ಗ್ರಾಹಕಗಳು ಬೇಗ ತುಂಬಿಕೊಳ್ಳುತ್ತವೆ.

ಚುಚ್ಚುವಾಗಿನ ನೋವು ಇದರ ಎದ್ದು ಕಾಣುವ ದೋಷ. ದ್ರಾವಣ ಆಮ್ಲೀಯ, ಪಿಎಚ್ 4ರ ಹತ್ತಿರ. ನಿದ್ದೆಗೆ ಜಾರಿದ ರೋಗಿಯೂ ಕೈ ಎಳೆದುಕೊಳ್ಳುತ್ತಾನೆ, ಮಕ್ಕಳಲ್ಲಂತೂ ಕ್ಯಾನುಲಾವೇ ಕಿತ್ತುಬರಬಹುದು. ದೊಡ್ಡ ರಕ್ತನಾಳ ಹಿಡಿದು, ಡ್ರಿಪ್ ಚೆನ್ನಾಗಿ ಓಡುತ್ತಿರುವಾಗ, ರೋಗಿ ಪೂರ್ತಿ ಮಲಗಿದ ಮೇಲೆ ಕೊಡಬೇಕು. ಇದಕ್ಕಿಂತ ಗಂಭೀರವಾದದ್ದು ಥಯೋಪೆಂಟೋನ್ ಎಂಬ ನಿದ್ದೆಯ ಔಷಧದ ಜೊತೆಗಿನ ಜಗಳ. ಅದು ಕ್ಷಾರೀಯ, ಇದು ಆಮ್ಲೀಯ. ಒಂದೇ ಲೈನ್‌ನಲ್ಲಿ ಹಿಂದೆಮುಂದೆ ಕೊಟ್ಟರೆ ಬಿಳಿ ಗಸಿ ಕಟ್ಟಿ ಕ್ಯಾನುಲಾ ಮುಚ್ಚಿಹೋಗುತ್ತದೆ. ರೋಗಿ ನಿದ್ದೆಗೆ ಹೋಗಿದ್ದಾನೆ, ಉಸಿರು ನಿಲ್ಲುತ್ತಿದೆ, ಸಡಿಲಕ ಒಳಗೆ ಹೋಗಲಿಲ್ಲ, ಇರುವ ಒಂದೇ ಲೈನ್ ಹೋಯಿತು. ನಡುವೆ 10 ಮಿ.ಲೀ. ಸಲೈನ್ ಬಿಟ್ಟರೆ ಈ ಅವಾಂತರವೇ ಇರುವುದಿಲ್ಲ.

ಸಕ್ಸಿನೈಲ್‌ಕೋಲೀನ್ ಎಂಬ ಹಳೆಯ ಸಡಿಲಕದ ಜೊತೆ ಹೋಲಿಸದೆ ಈ ಮಾತು ಮುಗಿಯುವುದಿಲ್ಲ. ಕೆ.ಜಿ.ಗೆ 1ರಿಂದ 1.5 ಮಿ.ಗ್ರಾಂ ಕೊಟ್ಟರೆ ಒಂದು ನಿಮಿಷದೊಳಗೆ ಹಿಡಿದು, ಸಾಮಾನ್ಯವಾಗಿ 10 ನಿಮಿಷದೊಳಗೆ ಬಿಡುವ ಔಷಧ ಅದು. ಗಂಟಲು ಬಿಗಿದುಕೊಂಡು ಆಕ್ಸಿಜನ್ ಇಳಿಯುತ್ತಿರುವಾಗ, ರಕ್ತನಾಳ ಸಿಗದ ಮಗುವಿಗೆ ಸ್ನಾಯುವಿಗೇ ಚುಚ್ಚಬೇಕಾದಾಗ ಇಂದಿಗೂ ಅದಕ್ಕೆ ಸಾಟಿ ಇಲ್ಲ. ಆದರೆ ಅದು ಕೇಳುವ ಬೆಲೆ ದೊಡ್ಡದು. ಆರೋಗ್ಯವಂತರಲ್ಲೇ ರಕ್ತದ ಪೊಟ್ಯಾಸಿಯಂ ಲೀಟರಿಗೆ ಸುಮಾರು 0.5 ಮಿಲಿಮೋಲ್ ಏರುತ್ತದೆ. ಸುಟ್ಟಗಾಯವಾಗಿ ಒಂದೆರಡು ದಿನ ಕಳೆದವರಲ್ಲಿ, ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಪಾರ್ಶ್ವವಾಯುವಿನಿಂದ ಸ್ನಾಯು ಸೊರಗಿದವರಲ್ಲಿ, ಐಸಿಯುನಲ್ಲಿ ಬಹಳ ದಿನ ಅಲುಗಾಡದೆ ಮಲಗಿದವರಲ್ಲಿ ಅದು ಹೃದಯ ನಿಲ್ಲಿಸುವಷ್ಟು ಏರಬಹುದು. ಡುಶೆನ್ ಎಂಬ ಸ್ನಾಯು ಕ್ಷಯಿಸುವ ಆನುವಂಶಿಕ ಕಾಯಿಲೆ ಇನ್ನೂ ಪತ್ತೆಯಾಗದ ಗಂಡುಮಗುವಿನಲ್ಲಿ ಹೀಗಾಗುವ ಅಪಾಯವಿರುವುದರಿಂದಲೇ ಮಕ್ಕಳಿಗೆ ವಾಡಿಕೆಯಂತೆ ಕೊಡಬೇಡಿ, ತುರ್ತಿಗೆ ಮಾತ್ರ ಇಟ್ಟುಕೊಳ್ಳಿ ಎಂಬ ಎಚ್ಚರಿಕೆ ಅದರ ಲೇಬಲ್ ಮೇಲಿದೆ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ (ಅರಿವಳಿಕೆಯ ಕೆಲವು ಔಷಧಗಳಿಂದ ಮೈ ಬಿಸಿ ವಿಪರೀತ ಏರುವ ಆನುವಂಶಿಕ ತೊಂದರೆ) ಇರುವ ಕುಟುಂಬದವರಿಗೆ ಕೊಡಲೇಬಾರದು. ಆ ಔಷಧ ಇಟ್ಟಿರುವ ಓಟಿಯಲ್ಲಿ ಕೆ.ಜಿ.ಗೆ 2.5 ಮಿ.ಗ್ರಾಂ ಲೆಕ್ಕದ ಡ್ಯಾಂಟ್ರೋಲೀನ್, ಅಂದರೆ ಆ ತೊಂದರೆಯ ಮದ್ದು, ಕೈಗೆಟುಕುವಂತಿರಬೇಕು. ಅದನ್ನು ಒಡೆಯುವ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವದ ಕೊರತೆ ಇದ್ದವರಲ್ಲಿ ಹತ್ತು ನಿಮಿಷದ ಔಷಧ ಗಂಟೆಗಟ್ಟಲೆ ಎಳೆಯುತ್ತದೆ. ಆಗ ಮಾಡಬೇಕಾದದ್ದು ನಿದ್ದೆ ಮತ್ತು ವೆಂಟಿಲೇಟರ್ ಮುಂದುವರಿಸಿ ಕಾಯುವುದು. ಇನ್ನೊಂದು ಎಚ್ಚರ: ಸಕ್ಸಿನೈಲ್‌ಕೋಲೀನ್‌ನ ಸಾಂದ್ರತೆ ಎಲ್ಲ ಕಡೆ ಒಂದೇ ಅಲ್ಲ. ಮಿ.ಲೀ.ಗೆ 20 ಮಿ.ಗ್ರಾಂ ಇರುವುದೂ ಉಂಟು, 50 ಇರುವುದೂ ಉಂಟು. ಹಳೆಯ ಅಭ್ಯಾಸದಲ್ಲಿ ಮಿ.ಲೀ. ಎಣಿಸಿ ಕೊಡುವವರು ಎರಡೂವರೆ ಪಟ್ಟು ತಪ್ಪುವುದು ಇಲ್ಲೇ.

ಉಳಿದ ಸಡಿಲಕಗಳು ಚುಟುಕಾಗಿ. ವೆಕ್ಯುರೋನಿಯಂ ಪುಡಿಯಾಗಿ ಬರುತ್ತದೆ, ಫ್ರಿಜ್ ಬೇಡ, ಹೃದಯಕ್ಕೆ ಸೌಮ್ಯ, ಕೆ.ಜಿ.ಗೆ 0.1 ಮಿ.ಗ್ರಾಂ ಕೊಟ್ಟರೂ ಸುಮಾರು ಮೂರು ನಿಮಿಷ ಕಾಯಬೇಕು, ಮೂತ್ರಪಿಂಡ ಕೆಟ್ಟವರಲ್ಲಿ ಅದರ ಸಕ್ರಿಯ ಉಪವಸ್ತು ಉಳಿದುಕೊಳ್ಳುತ್ತದೆ. ಅಟ್ರಾಕ್ಯುರಿಯಂ ಕೆ.ಜಿ.ಗೆ 0.5 ಮಿ.ಗ್ರಾಂ ಲೆಕ್ಕದಲ್ಲಿ ಕೊಡುವ ಔಷಧ, ಯಕೃತ್ತು-ಮೂತ್ರಪಿಂಡಗಳನ್ನು ಹೆಚ್ಚು ನೆಚ್ಚದೆ ತಾನೇ ಒಡೆದುಹೋಗುತ್ತದೆ. ಬೇಗ ತಳ್ಳಿದರೆ ಹಿಸ್ಟಮಿನ್ ಬಿಡುಗಡೆಯಾಗಿ ಮೈ ಕೆಂಪಾಗಿ ಒತ್ತಡ ಇಳಿಯುತ್ತದೆ, ಉಬ್ಬಸ ಇರುವವರಿಗೆ ಒಳ್ಳೆಯದಲ್ಲ. ಸಿಸಟ್ರಾಕ್ಯುರಿಯಂಗೆ ಆ ಕಾಟವಿಲ್ಲ. ಆದರೆ ಶಕ್ತಿ ಹೆಚ್ಚು, ಆದ್ದರಿಂದ ಹಿಡಿಯುವುದು ನಿಧಾನ. ಅಂಗವೈಫಲ್ಯ ಇರುವವರಿಗೆ ಈ ಎರಡೂ ಔಷಧಗಳು ನಮ್ಮ ಮೊದಲ ಆಯ್ಕೆ. ದೇಹ ತಣ್ಣಗಾದರೆ, ರಕ್ತ ಆಮ್ಲೀಯವಾದರೆ ಅವು ಒಡೆಯುವುದೂ ನಿಧಾನವಾಗುತ್ತದೆ ಎಂಬುದು ನೆನಪಿರಲಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ರೊಕ್ಯುರೋನಿಯಂ ಎಷ್ಟು ಹೊತ್ತು ಇರುತ್ತದೆ? ಅಮೆರಿಕದ ಲೇಬಲ್ ಪ್ರಕಾರ 0.6 ಮಿ.ಗ್ರಾಂ ಡೋಸ್‌ಗೆ ಮಧ್ಯಕ ಅವಧಿ 31 ನಿಮಿಷ. ಅದರ ಪಕ್ಕದಲ್ಲೇ ವ್ಯಾಪ್ತಿಯನ್ನೂ ಕೊಟ್ಟಿದ್ದಾರೆ: 15ರಿಂದ 85 ನಿಮಿಷ. 1.2 ಮಿ.ಗ್ರಾಂಗೆ 67 ನಿಮಿಷ, ವ್ಯಾಪ್ತಿ 38ರಿಂದ 160. ಒಂದೇ ಡೋಸ್, ಒಬ್ಬರಿಗೂ ಇನ್ನೊಬ್ಬರಿಗೂ ನಾಲ್ಕರಿಂದ ಆರು ಪಟ್ಟು ವ್ಯತ್ಯಾಸ. ಅದೂ ಈ ಅವಧಿ ಎಂದರೆ ಸ್ನಾಯುವಿನ ಬಲ ನಾಲ್ಕನೇ ಒಂದು ಭಾಗಕ್ಕೆ ಮರಳುವವರೆಗೆ ಮಾತ್ರ, ಪೂರ್ತಿ ಚೇತರಿಕೆಯ ಲೆಕ್ಕವಲ್ಲ. ಇದರ ಮೇಲೆ ಸೆವೋಫ್ಲುರೇನ್‌ನಂಥ ಆವಿ, ಮೆಗ್ನೀಸಿಯಂ, ಜೆಂಟಾಮೈಸಿನ್ ವರ್ಗದ ಆ್ಯಂಟಿಬಯೋಟಿಕ್‌ಗಳು ಅವಧಿಯನ್ನು ಹಿಗ್ಗಿಸುತ್ತವೆ. ಬಹುಕಾಲ ಫೆನಿಟಾಯಿನ್, ಕಾರ್ಬಮಝೆಪೀನ್ ನುಂಗುತ್ತಿರುವವರಲ್ಲಿ ಕುಗ್ಗುತ್ತದೆ. ಮಯಸ್ತೇನಿಯಾ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇದ್ದವರಿಗೆ ಡೋಸ್‌ನ ಸಣ್ಣ ಪಾಲೇ ಹೆಚ್ಚಾದೀತು. ಕೊಟ್ಟು ಒಂದು ಗಂಟೆಯಾಯಿತಲ್ಲ, ಹೋಗಿರುತ್ತದೆ ಬಿಡಿ ಎಂಬ ಮಾತು ಓಟಿಯಲ್ಲಿ ದಿನಾ ಕೇಳಿಬರುತ್ತದೆ. ಗಡಿಯಾರ ನೋಡಿ ಟ್ಯೂಬ್ ತೆಗೆಯುವುದಕ್ಕೆ ಈ ಅಂಕಿಗಳ ಮುಂದೆ ಯಾವ ಸಮರ್ಥನೆಯೂ ನಿಲ್ಲದು.

ತಲೆ ಎತ್ತಿ ಐದು ಸೆಕೆಂಡ್ ಹಿಡಿ, ಕೈ ಬಿಗಿಯಾಗಿ ಹಿಡಿ ಎನ್ನುವ ಪರೀಕ್ಷೆಗಳೂ ಸಾಲವು. ಗಂಟಲಿನ ಸ್ನಾಯುಗಳು ಇನ್ನೂ ಸೋತಿರುವಾಗಲೇ ತಲೆ ಎತ್ತಬಲ್ಲವರಿದ್ದಾರೆ. ವಪೆ ಎಲ್ಲರಿಗಿಂತ ಮೊದಲು ಚೇತರಿಸಿಕೊಳ್ಳುತ್ತದೆ, ಆದ್ದರಿಂದ ಮಾನಿಟರ್‌ನಲ್ಲಿ ಉಸಿರಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಟ್ಯೂಬ್ ತೆಗೆದ ಮೇಲೆ ನಾಲಿಗೆಯ ಬುಡ, ಗಂಟಲು ಕುಸಿಯುತ್ತವೆ, ಜೊಲ್ಲು ನುಂಗಲಾಗುವುದಿಲ್ಲ, ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಉಸಿರು ಹೆಚ್ಚಿಸಿಕೊಳ್ಳುವ ದೇಹದ ಸಹಜ ಪ್ರತಿಕ್ರಿಯೆಯೂ ಮಂಕಾಗಿರುತ್ತದೆ. ರಿಕವರಿ ರೂಮಿನಲ್ಲಿ ಚಡಪಡಿಸುವ, ಮಾತಾಡಲು ತೊಡಕುವ, ಮೀನಿನಂತೆ ಬಾಯಿ ತೆರೆದು ಮುಚ್ಚುವ ರೋಗಿಗೆ ನೋವಿರಬಹುದು ಎಂದು ಇನ್ನಷ್ಟು ಫೆಂಟನಿಲ್ (ನೋವಿನ ಔಷಧ) ಕೊಡುವ ಮೊದಲು ಹೆಬ್ಬೆರಳನ್ನು ನೋಡಬೇಕು.

ಹೆಬ್ಬೆರಳನ್ನು ನೋಡುವ ವಿಧಾನವೇ ಟಿಓಎಫ್ (ಟ್ರೇನ್ ಆಫ್ ಫೋರ್): ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಹೆಬ್ಬೆರಳಿನ ಮಿಡಿತ ನೋಡುವುದು. ಮಣಿಕಟ್ಟಿನ ಒಳಬದಿಯಲ್ಲಿ, ಕಿರುಬೆರಳ ಕಡೆ, ಅಲ್ನಾರ್ ನರದ ಮೇಲೆ ಎರಡು ಎಲೆಕ್ಟ್ರೋಡ್. ಚರ್ಮ ಒರೆಸಿ ಒಣಗಿಸಿರಬೇಕು. ಎರಡರ ನಡುವೆ ಎರಡು-ಮೂರು ಸೆಂ.ಮೀ.; ಕಪ್ಪು ತಂತಿ ಬೆರಳಿನ ಕಡೆಗೆ. ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಪ್ರಚೋದನೆ, ನಾಲ್ಕನೆಯ ಮಿಡಿತವನ್ನು ಮೊದಲನೆಯದರಿಂದ ಭಾಗಿಸಿದರೆ ಅನುಪಾತ. ಟ್ಯೂಬ್ ತೆಗೆಯಲು ಅದು 0.9 ಮುಟ್ಟಿರಬೇಕು. ಕೈಯಲ್ಲಿ ಮುಟ್ಟಿ ನೋಡಿ ನಾಲ್ಕೂ ಸಮ ಇವೆ ಎನ್ನುವವರಿಗೆ ಒಂದು ಮಾತು: ಅನುಪಾತ 0.4 ದಾಟಿದರೆ ಎಷ್ಟೇ ಅನುಭವಿಯ ಬೆರಳಿಗೂ ಇಳಿಕೆ ಗೊತ್ತಾಗುವುದು ಕಷ್ಟ. 0.4 ಮತ್ತು 0.9ರ ನಡುವಿನ ರೋಗಿ, ಅಂದರೆ ನಿಜಕ್ಕೂ ಅಪಾಯದಲ್ಲಿರುವವನು, ಸರಳ ಸ್ಟಿಮ್ಯುಲೇಟರ್‌ಗೆ ಕಾಣುವುದೇ ಇಲ್ಲ. ಅಂಕಿ ತೋರಿಸುವ ಮಾನಿಟರೇ ಬೇಕು ಎಂದು ಅಮೆರಿಕನ್ ಸೊಸೈಟಿ ಆಫ್ ಅನೆಸ್ತೀಷಿಯಾಲಜಿಸ್ಟ್ಸ್ 2023ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಣ್ಣಿನ ಸುತ್ತಲಿನ ಸ್ನಾಯುಗಳನ್ನು ನೆಚ್ಚಬೇಡಿ, ಹೆಬ್ಬೆರಳಲ್ಲೇ ಅಳೆಯಿರಿ ಎಂದೂ ಹೇಳಿದೆ. ಹುಬ್ಬಿನ ಸ್ನಾಯು ವಪೆಯಂತೆ ಬೇಗ ಚೇತರಿಸಿಕೊಂಡು ಸುಳ್ಳು ಸಮಾಧಾನ ಕೊಡುತ್ತದೆ.

ಮಾನಿಟರ್‌ಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಹೆಬ್ಬೆರಳಿಗೆ ಸೆನ್ಸರ್ ಅಂಟಿಸಿ ಅದರ ವೇಗೋತ್ಕರ್ಷ ಅಳೆಯುವುದು ಒಂದು. ಸ್ನಾಯುವಿನ ವಿದ್ಯುತ್ತನ್ನೇ ಅಳೆಯುವ ಇಎಂಜಿ ಇನ್ನೊಂದು. ಮೊದಲನೆಯದಕ್ಕೆ ಹೆಬ್ಬೆರಳು ಆಡಲು ಜಾಗ ಬೇಕು. ಕೈಯನ್ನು ಮೈಗೆ ಸೇರಿಸಿ ಬಟ್ಟೆ ಸುತ್ತಿದರೆ ಅದು ಹೇಳುವುದನ್ನು ನಂಬುವಂತಿಲ್ಲ. ಲ್ಯಾಪರೋಸ್ಕೋಪಿ, ರೋಬಾಟಿಕ್ ಶಸ್ತ್ರಚಿಕಿತ್ಸೆಗಳಲ್ಲಿ ಕೈ ಹೆಚ್ಚಾಗಿ ಹೀಗೇ ಕಟ್ಟಿರುವುದರಿಂದ ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ ಇಎಂಜಿ. ಮೊದಲನೆಯ ಬಗೆಯಲ್ಲಿ ಇನ್ನೊಂದು ತೊಡಕು: ಔಷಧ ಕೊಡುವ ಮುಂಚೆಯೇ ಅನುಪಾತ 1 ದಾಟಿರಬಹುದು. ಒಬ್ಬರಿಗೆ ಆರಂಭದಲ್ಲಿ 1.15 ಬಂದರೆ ಅವರ ಪಾಲಿಗೆ ನಿಜವಾದ 0.9 ಎಂದರೆ ಪರದೆಯಲ್ಲಿ ಸುಮಾರು 1.04. ಆರಂಭದ ಅಂಕಿಯನ್ನು ಬರೆದಿಟ್ಟುಕೊಳ್ಳದವರು ಮೊದಲ 0.9ಕ್ಕೇ ಟ್ಯೂಬ್ ತೆಗೆದುಬಿಡುತ್ತಾರೆ. ಆದ್ದರಿಂದ ಕ್ರಮ ಹೀಗಿರಲಿ: ಎಲೆಕ್ಟ್ರೋಡ್ ಅಂಟಿಸಿ, ರೋಗಿಯನ್ನು ಮಲಗಿಸಿ, ಕ್ಯಾಲಿಬ್ರೇಟ್ ಮಾಡಿ, ಅಂಕಿ ಬರೆದುಕೊಳ್ಳಿ, ಆಮೇಲೆ ರೊಕ್ಯುರೋನಿಯಂ. ಕೈ ಬೆಚ್ಚಗಿರಲಿ; ಚರ್ಮ 32 ಡಿಗ್ರಿಗಿಂತ ತಣ್ಣಗಾದರೆ ಮಿಡಿತವೇ ಕುಗ್ಗಿ ಕಾಣುತ್ತದೆ.

ನಾಲ್ಕು ಮಿಡಿತಗಳೂ ಮಾಯವಾದಷ್ಟು ಆಳದಲ್ಲಿದ್ದರೆ ಪೋಸ್ಟ್ ಟೆಟಾನಿಕ್ ಎಣಿಕೆ ಮಾಡಬೇಕು: 50 ಹರ್ಟ್ಸ್ ಐದು ಸೆಕೆಂಡ್, ಮೂರು ಸೆಕೆಂಡ್ ಬಿಡುವು, ನಂತರ ಸೆಕೆಂಡಿಗೊಂದು ಪ್ರಚೋದನೆ. ಎಷ್ಟು ಮಿಡಿತ ಬಂದವು ಎಂಬುದರ ಮೇಲೆ ರಿವರ್ಸಲ್ ಡೋಸ್ ನಿಂತಿದೆ.

ನಿಯೋಸ್ಟಿಗ್ಮಿನ್ ಹಳೆಯ, ಎಲ್ಲೆಡೆ ಸಿಗುವ ರಿವರ್ಸಲ್ ಔಷಧ. ಅದನ್ನು ದೂರುವುದು ನ್ಯಾಯವಲ್ಲ, ತಪ್ಪು ಹೊತ್ತಿನಲ್ಲಿ ಕೊಡುವುದೇ ದೋಷ. ಅದಕ್ಕೊಂದು ಮಿತಿ ಇದೆ: ನರ ಸ್ನಾಯುವಿಗೆ ಕಳಿಸುವ ಸಂದೇಶದ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಪೂರ್ತಿ ತಡೆದ ಮೇಲೆ ಇನ್ನೆಷ್ಟು ಕೊಟ್ಟರೂ ಉಪಯೋಗವಿಲ್ಲ. ಆಳದ ಸಡಿಲಿಕೆಯನ್ನು ಅದು ಬಿಡಿಸಲಾರದು. ಅನುಪಾತ 0.4 ದಾಟಿದ ಮೇಲೆ ಕೊಡಬೇಕು, ಗರಿಷ್ಠ 5 ಮಿ.ಗ್ರಾಂ, ಪ್ರತಿ 1 ಮಿ.ಗ್ರಾಂ ಜೊತೆ 0.2 ಮಿ.ಗ್ರಾಂ ಗ್ಲೈಕೋಪಿರೋಲೇಟ್, ಇಲ್ಲದಿದ್ದರೆ ಹೃದಯಬಡಿತ ಇಳಿಯುತ್ತದೆ. ಕೊಟ್ಟು ಹತ್ತು ನಿಮಿಷವಾದರೂ ಕಾಯಬೇಕು. ಕೊನೆಯ ಹೊಲಿಗೆಯ ಹೊತ್ತಿಗೆ ಚುಚ್ಚಿ ಎರಡು ನಿಮಿಷಕ್ಕೆ ಟ್ಯೂಬ್ ತೆಗೆಯುವ ಅಭ್ಯಾಸದಲ್ಲಿ ಔಷಧಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಸುಗಮಡೆಕ್ಸ್ ಇದನ್ನೆಲ್ಲ ಬದಲಿಸಿತು. ಯುರೋಪ್‌ನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಈ ಔಷಧ ರೊಕ್ಯುರೋನಿಯಂ ಅಣುವನ್ನು ಒಂದಕ್ಕೊಂದರಂತೆ ತನ್ನೊಳಗೆ ಸೇರಿಸಿಕೊಂಡು ಬಿಡುತ್ತದೆ. ಎರಡು ಮಿಡಿತ ಮರಳಿದ್ದರೆ ಕೆ.ಜಿ.ಗೆ 2 ಮಿ.ಗ್ರಾಂ, ಪೋಸ್ಟ್ ಟೆಟಾನಿಕ್ ಎಣಿಕೆ 1-2 ಇದ್ದರೆ 4, ದೊಡ್ಡ ಡೋಸ್ ಕೊಟ್ಟ ಕೂಡಲೇ ಬಿಡಿಸಬೇಕಾದರೆ 16. ಲೆಕ್ಕ ನಿಜವಾದ ತೂಕದ ಮೇಲೆ. ಉಳಿತಾಯವೆಂದು ಅರ್ಧ ವಯಲ್ ಕೊಡುವುದೇ ಇದರ ದೊಡ್ಡ ದುರ್ಬಳಕೆ. ಮೊದಲು ಬಲ ಬಂದಂತೆ ಕಾಣುತ್ತದೆ, ಅಂಗಾಂಶಗಳಲ್ಲಿ ಉಳಿದ ರೊಕ್ಯುರೋನಿಯಂ ಹಿಂತಿರುಗಿ ರಿಕವರಿಯಲ್ಲಿ ರೋಗಿ ಮತ್ತೆ ಸೋಲುತ್ತಾನೆ. ಅದಕ್ಕೇ ಇದನ್ನು ಕೊಟ್ಟ ಮೇಲೂ ಮಾನಿಟರ್ ಕಳಚುವಂತಿಲ್ಲ.

ಟ್ಯೂಬ್ ಹೋಗುತ್ತಿಲ್ಲ, ಮಾಸ್ಕ್‌ನಿಂದಲೂ ಗಾಳಿ ಹೋಗುತ್ತಿಲ್ಲ ಎಂಬ ಸ್ಥಿತಿಗೆ ಸುಗಮಡೆಕ್ಸ್ ಇದೆಯಲ್ಲ ಎಂದು ಧೈರ್ಯ ಹೇಳುವವರು ಈ ಲೆಕ್ಕ ನೋಡಲಿ. 70 ಕೆ.ಜಿ.ಗೆ 16 ಮಿ.ಗ್ರಾಂ ಎಂದರೆ 1,120 ಮಿ.ಗ್ರಾಂ, 11.2 ಮಿ.ಲೀ. 500 ಮಿ.ಗ್ರಾಂ ವಯಲ್ ಮೂರು ಬೇಕು, 200ರದ್ದಾದರೆ ಆರು. ಅವನ್ನು ಹುಡುಕಿ, ತೆರೆದು, ಸಿರಿಂಜ್‌ಗೆ ಎಳೆಯುವಷ್ಟರಲ್ಲಿ ನಿಮಿಷಗಳು ಹೋಗುತ್ತವೆ. ಕೊಟ್ಟರೂ ಊದಿಕೊಂಡ ಗಂಟಲು ತೆರೆಯುವುದಿಲ್ಲ, ನಿದ್ದೆಯ ಔಷಧದಿಂದ ನಿಂತ ಉಸಿರು ಮರಳುವುದಿಲ್ಲ. ಕುತ್ತಿಗೆಯ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡುವ ಸಿದ್ಧತೆಗೆ ಅದು ಬದಲಿಯಲ್ಲ.

ಇದರ ಮಿತಿಗಳೂ ತಿಳಿದಿರಲಿ. ಅಟ್ರಾಕ್ಯುರಿಯಂ, ಸಿಸಟ್ರಾಕ್ಯುರಿಯಂ, ಸಕ್ಸಿನೈಲ್‌ಕೋಲೀನ್ ಮೇಲೆ ಇದು ಕೆಲಸ ಮಾಡುವುದಿಲ್ಲ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಸೋಸುವ ಪ್ರಮಾಣ) ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇರುವವರಿಗೆ ಲೇಬಲ್ ಶಿಫಾರಸು ಮಾಡುವುದಿಲ್ಲ. ಕೆಲವರಲ್ಲಿ ಹೃದಯಬಡಿತ ಗಂಭೀರವಾಗಿ ಇಳಿಯುತ್ತದೆ, ಅಟ್ರೋಪಿನ್ ಕೈಯಲ್ಲಿರಬೇಕು. ಒಂಡಾನ್ಸೆಟ್ರಾನ್ ಜೊತೆ ಒಂದೇ ಲೈನ್‌ನಲ್ಲಿ ಬೆರೆಯಬಾರದು. ಶಸ್ತ್ರಚಿಕಿತ್ಸೆಯ ಕೊನೆಗೆ ಎರಡೂ ಒಟ್ಟಿಗೇ ಬರುವುದರಿಂದ ನಡುವೆ ಫ್ಲಶ್ ಮಾಡಿ. ಗರ್ಭನಿರೋಧಕ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಮಹಿಳೆಗೆ ಮುಂದಿನ 7 ದಿನ ಹಾರ್ಮೋನ್ ಅಲ್ಲದ ಇನ್ನೊಂದು ವಿಧಾನವನ್ನೂ ಬಳಸಬೇಕೆಂದು ತಿಳಿಸಬೇಕು. ಇದು ಬಿಡುಗಡೆ ಪತ್ರದಲ್ಲಿ ಬರೆದಿರಬೇಕು, ಅರೆನಿದ್ದೆಯಲ್ಲಿ ಕಿವಿಗೆ ಹೇಳಿದರೆ ಸಾಲದು. ಬೇಗನೆ ಮತ್ತೆ ಶಸ್ತ್ರಚಿಕಿತ್ಸೆಗೆ ಕರೆದೊಯ್ಯಬೇಕಾದರೆ ದೇಹದಲ್ಲಿ ಉಳಿದ ಸುಗಮಡೆಕ್ಸ್ ರೊಕ್ಯುರೋನಿಯಂಗೆ ಅಡ್ಡಬರಬಹುದು, ಸಿಸಟ್ರಾಕ್ಯುರಿಯಂ ಬಳಸಿದರೆ ತಲೆನೋವಿಲ್ಲ.

ಅಲರ್ಜಿ ವಿಷಯದಲ್ಲಿ ಸ್ನಾಯು ಸಡಿಲಕಗಳ ಇಡೀ ಗುಂಪಿಗೇ ಕೆಟ್ಟ ಹೆಸರಿದೆ. ಅರಿವಳಿಕೆಯ ತೊಂದರೆಗಳನ್ನು ದೇಶದಾದ್ಯಂತ ಲೆಕ್ಕಹಾಕುವ ಬ್ರಿಟನ್ನಿನ ಎನ್‌ಎಪಿ ಸಮೀಕ್ಷೆಯ 6ನೇ ವರದಿಯಲ್ಲಿ (2018) ಕಾರಣ ಪತ್ತೆಯಾದ ಅನಫಿಲಾಕ್ಸಿಸ್‌ಗಳಲ್ಲಿ (ಪ್ರಾಣಾಪಾಯದ ತೀವ್ರ ಅಲರ್ಜಿ) ಆ್ಯಂಟಿಬಯೋಟಿಕ್‌ಗಳ ನಂತರದ ಸ್ಥಾನ ಸ್ನಾಯು ಸಡಿಲಕಗಳದ್ದು, ಸುಮಾರು ಮೂರನೇ ಒಂದು ಭಾಗ. ಮೊದಲ ಸಲ ಕೊಟ್ಟಾಗಲೇ ಆಗಬಹುದು. ಫೋಲ್ಕೋಡಿನ್ ಎಂಬ ಕೆಮ್ಮಿನ ಔಷಧ ದೇಹವನ್ನು ಇದಕ್ಕೆ ಅಣಿಮಾಡುತ್ತದೆ ಎಂಬ ಕಾರಣದಿಂದ ಯುರೋಪ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು 2022ರ ಡಿಸೆಂಬರ್‌ನಲ್ಲಿ ಶಿಫಾರಸಾಯಿತು. ಮೈಮೇಲೆ ದದ್ದು ಬರಲೇಬೇಕೆಂದಿಲ್ಲ. ರಕ್ತದೊತ್ತಡ ಕುಸಿದು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂಕಿ ಇಳಿಯುವುದೇ ಮೊದಲ ಸೂಚನೆ ಇರಬಹುದು. ಮದ್ದು ಅಡ್ರಿನಲಿನ್, ವಯಸ್ಕರಿಗೆ ರಕ್ತನಾಳದೊಳಗೆ 50 ಮೈಕ್ರೋಗ್ರಾಂ, ಬೇಕಾದಂತೆ ಮರುಕಳಿಸಿ, ಜೊತೆಗೆ ವೇಗವಾಗಿ ದ್ರವ. ಸುಗಮಡೆಕ್ಸ್ ಅದರ ಚಿಕಿತ್ಸೆಯಲ್ಲ. ಟ್ರಿಪ್ಟೇಸ್ (ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆಗೆ ರಕ್ತ ತೆಗೆಯಲು ಮರೆತರೆ ಮುಂದಿನ ಸಲ ಯಾವುದನ್ನು ಬಿಡಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ರೊಕ್ಯುರೋನಿಯಂ ನಿದ್ದೆ ತರುವುದಿಲ್ಲ, ನೋವು ಕಳೆಯುವುದಿಲ್ಲ. ನಿದ್ದೆಯ ಔಷಧದ ಪಂಪ್ ನಿಂತರೂ ರೋಗಿ ಅಲುಗಾಡಿ ತೋರಿಸಲಾರ. ಅದೇ ಸಮೀಕ್ಷೆಯ ಎನ್‌ಎಪಿ 5 ವರದಿ (2014) ಸಡಿಲಕ ಬಳಸಿದಾಗ ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಿತ್ತು ಎಂಬ ದೂರುಗಳು ಸುಮಾರು 8,000ಕ್ಕೆ ಒಂದು, ಬಳಸದಾಗ ಸುಮಾರು 1,36,000ಕ್ಕೆ ಒಂದು ಎಂದು ಕಂಡಿತು. ರಕ್ತನಾಳದ ಮೂಲಕವೇ ನಿದ್ದೆ ಕೊಡುತ್ತಿದ್ದರೆ ಮೆದುಳಿನ ಇಇಜಿ ಮಾನಿಟರ್ ಇರಲಿ, ಕ್ಯಾನುಲಾ ಕಣ್ಣಿಗೆ ಕಾಣುವಂತಿರಲಿ.

ಕೊನೆಯದಾಗಿ ಸಿರಿಂಜ್ ಮತ್ತು ಲೈನ್. ಸಡಿಲಕದ ಸಿರಿಂಜ್‌ಗೆ ಕೆಂಪು ಲೇಬಲ್ ಅಂತರರಾಷ್ಟ್ರೀಯ ಪದ್ಧತಿ. ಔಷಧ ಎಳೆಯುವ ಮುಂಚೆಯೇ ಬರೆದು, ಎಳೆದ ಕೂಡಲೇ ಅಂಟಿಸಬೇಕು. ಫ್ರಿಜ್‌ನಲ್ಲಿ ಇನ್ಸುಲಿನ್, ಲಸಿಕೆಗಳ ಪಕ್ಕದಲ್ಲಿ ಈ ವಯಲ್‌ಗಳು ಇರಕೂಡದು; ಮುಚ್ಚಳವಿರುವ ಬೇರೆ ಡಬ್ಬಿ, ಮೇಲೆ ಉಸಿರು ನಿಲ್ಲಿಸುವ ಔಷಧ ಎಂಬ ಬರಹ. ಕ್ಯಾನುಲಾದ ಪೋರ್ಟ್ ಮತ್ತು ಎಕ್ಸ್‌ಟೆನ್ಷನ್ ಟ್ಯೂಬ್‌ನಲ್ಲಿ ಉಳಿಯುವ ಒಂದು ಮಿ.ಲೀ.ಯಲ್ಲೇ 10 ಮಿ.ಗ್ರಾಂ ರೊಕ್ಯುರೋನಿಯಂ ಇರಬಹುದು. ಅದು ಓಟಿಯಲ್ಲಿ ಕಾಣುವುದಿಲ್ಲ. ವಾರ್ಡಿನಲ್ಲಿ ನರ್ಸ್ ಆ್ಯಂಟಿಬಯೋಟಿಕ್ ಕೊಡಲು ಫ್ಲಶ್ ಮಾಡಿದಾಗ ಎಚ್ಚರವಿರುವ ರೋಗಿಯೊಳಕ್ಕೆ ಹೋಗುತ್ತದೆ. ಮಗುವಾದರೆ ಉಸಿರೇ ನಿಲ್ಲುತ್ತದೆ. ಟ್ಯೂಬ್ ತೆಗೆಯುವ ಮುಂಚೆ ಪ್ರತಿ ಪೋರ್ಟನ್ನೂ, ಮೂರು ದಾರಿಯ ಕೊಳಾಯಿಯ ಪ್ರತಿ ಕವಲನ್ನೂ ಸಲೈನ್‌ನಿಂದ ತೊಳೆದು, ತೊಳೆದದ್ದನ್ನು ರಿಕವರಿ ಚೀಟಿಯಲ್ಲಿ ಬರೆದು, ಒಪ್ಪಿಸುವಾಗ ಬಾಯಲ್ಲೂ ಹೇಳಬೇಕು.